ಹಳೆಯ ಸ್ಲೈಡ್‌ಗಳನ್ನು ಅಂಗಡಿಗೆ ಕೊಡ್ತಿದ್ದೀರಾ? ಸ್ವಲ್ಪ ತಡೀರಿ

ಅಟ್ಟದ ಮೇಲಿನ ಡಬ್ಬದಲ್ಲಿ ಹಳೆಯ ಸ್ಲೈಡ್ (ಪರದೆಯ ಮೇಲೆ ಬಿಟ್ಟು ನೋಡುವ ಫಿಲ್ಮ್ ಫೋಟೋ) ಸಿಕ್ಕಿವೆ, ಡಿಜಿಟಲ್ ಮಾಡಿಸಬೇಕು ಅಂತ ಹುಡುಕುತ್ತಿರುವವರು ಇದನ್ನು ಓದಿ. ಫೋನಿನಲ್ಲಿ ಜಾಹೀರಾತು ಕಂಡ ಕೂಡಲೇ ಪಾರ್ಸೆಲ್ ಕಟ್ಟಬೇಡಿ. ನಮ್ಮ ಮಾವನ ಸ್ಲೈಡ್‌ಗಳ ಗತಿ ಏನಾಯಿತು ಅಂತ ಹೇಳುತ್ತೇನೆ. ಅಂಗಡಿಯ ಹೆಸರು ಬರೆಯುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ. ಹೆಸರಿಗಿಂತ ಅವರು ಕೆಲಸ ಮಾಡಿದ ರೀತಿ ಗೊತ್ತಾಗುವುದು ಮುಖ್ಯ.

ಮಾವ ಸಾಗರದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಸಂಬಳದಲ್ಲಿ ಮಿಕ್ಕಿದ್ದೆಲ್ಲ ಫಿಲ್ಮಿಗೆ ಹೋಗುತ್ತಿತ್ತು ಅಂತ ಅತ್ತೆ ಈಗಲೂ ಬೈಯುತ್ತಾರೆ. ಆಗ ಸಿಗುತ್ತಿದ್ದದ್ದು ಹೆಚ್ಚಾಗಿ ಪೂರ್ವ ಜರ್ಮನಿಯ ಓರ್ವೋ. ಆ ದೇಶದ ಜೊತೆ ನಮ್ಮ ವ್ಯಾಪಾರ ರೂಪಾಯಿಯಲ್ಲೇ ನಡೆಯುತ್ತಿದ್ದರಿಂದ ಓರ್ವೋ ಫಿಲ್ಮ್ ಇಲ್ಲಿಗೆ ಸಲೀಸಾಗಿ ಬರುತ್ತಿತ್ತು. ಯುಟಿ18 ಅಂತ ಅದರ ಸ್ಲೈಡ್ ಫಿಲ್ಮ್, ಬೆಳಕಿಗೆ ಅದರ ಚುರುಕು ಬರೀ 50 ಎಎಸ್‌ಎ. ಬಿಸಿಲಿದ್ದರೆ ಫೋಟೋ, ಇಲ್ಲದಿದ್ದರೆ ಇಲ್ಲ. ಮಳೆಗಾಲ ಪೂರ್ತಿ ಕ್ಯಾಮೆರಾ ಪೆಟ್ಟಿಗೆಯೊಳಗೇ ಇರುತ್ತಿತ್ತು. ಅಮೆರಿಕದಿಂದ ಬಂದ ನೆಂಟರೊಬ್ಬರು ತಂದುಕೊಟ್ಟ, ಕೊಡಾಕ್ ಕಂಪನಿಯ ಕೊಡಾಕ್ರೋಮ್ ರೋಲುಗಳೂ ಕೆಲವು ಇದ್ದವು.

ಓರ್ವೋ ಬಣ್ಣ ಈಗ ಕೆಂಪಗೆ ತಿರುಗಿದೆ. ಕೊಡಾಕ್ರೋಮ್ ಮಾತ್ರ ನಿನ್ನೆ ತೆಗೆದ ಹಾಗಿದೆ. ಕತ್ತಲಲ್ಲಿ ಇಟ್ಟರೆ ಅದರಷ್ಟು ಬಾಳಿಕೆ ಬರುವ ಬಣ್ಣದ ಫಿಲ್ಮ್ ಇನ್ನೊಂದು ಸಿಗುವುದು ಕಷ್ಟ. 2009ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. 2010ರ ಕೊನೆಗೆ ಅದನ್ನು ತೊಳೆಯುವ ಕೊನೆಯ ಲ್ಯಾಬೂ ಹೊಸ ರೋಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

ಮಾವ ತೆಗೆದದ್ದು ನಮ್ಮೂರಿನ ಸುತ್ತಮುತ್ತಲಿನದ್ದೇ. ಜೋಗ, ಅಡಿಕೆ ಸುಲಿಯುವವರು, ಶರಾವತಿ ಹಿನ್ನೀರಿನಲ್ಲಿ ಜನರನ್ನು ದಾಟಿಸುವ ಲಾಂಚು, ಅಮ್ಮಮ್ಮ. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಮೇಲೇಳುವ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಮುಗಿದ ಆ ಕಟ್ಟೆ 1964ರಲ್ಲಿ ಲಿಂಗನಮಕ್ಕಿಯ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಮುಳುಗಡೆಯಾದ ಊರಿನವರಿಗೆ ಆ ಕಲ್ಲುಗಳು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಪ್ರತಿ ಸ್ಲೈಡಿನ ರಟ್ಟಿನ ಮೌಂಟ್ (ಫಿಲ್ಮ್ ಕೂರಿಸುವ ಚೌಕಟ್ಟು) ಮೇಲೆ ಮಾವ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು. ಊರು, ತಿಂಗಳು, ಅಪರ್ಚರ್, ಫೋಟೋದಲ್ಲಿ ಇರುವವರ ಹೆಸರು. ಒಂದರ ಮೇಲೆ "ಮಡೆನೂರು, ಮೇ 73, ಕಟ್ಟೆ ಮೇಲೆ ನಡೆದುಹೋದೆವು" ಅಂತಿತ್ತು.

2025ರ ಜುಲೈನಲ್ಲಿ ಹಿನ್ನೀರು ದಾಟಲು ಲಾಂಚಿನ ಬದಲು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತಲ್ಲ, ಆಗ ಊರಿನ ವಾಟ್ಸಾಪ್ ಗುಂಪುಗಳ ತುಂಬ ಲಾಂಚಿನದ್ದೇ ಮಾತು. ಹಳೇ ಫೋಟೋ ಇದ್ದರೆ ಹಾಕಿ ಅಂತ ಎಲ್ಲರೂ ಕೇಳುತ್ತಿದ್ದರು. ಮಾವನ ಸ್ಲೈಡು ಹೊರಗೆ ಬಂದದ್ದು ಆ ನೆಪದಲ್ಲಿ. ಬೆಂಗಳೂರಿನ ಒಂದು ಅಂಗಡಿ ಸ್ಲೈಡಿಗೆ 20 ರೂಪಾಯಿ ಅಂದಿತು. ಕ್ಲೀನಿಂಗ್ ಫ್ರೀ, ಫೋರ್‌ಕೆ ಕ್ವಾಲಿಟಿ, ಸ್ಲೈಡು ಹೇಗಿತ್ತೋ ಹಾಗೇ ವಾಪಸ್. ಈ ಕೊನೆಯ ಮಾತನ್ನು ಅವರು ಮೆಸೇಜಿನಲ್ಲೇ ಬರೆದಿದ್ದರು. ಅದು ಈಗ ಉಪಯೋಗಕ್ಕೆ ಬರುತ್ತಿದೆ.

ಫೈಲುಗಳು ಪೆನ್‌ಡ್ರೈವಿನಲ್ಲಿ ಬಂದವು. ಮೊದಲ ನೋಟಕ್ಕೆ ಎಲ್ಲರಿಗೂ ಖುಷಿಯೋ ಖುಷಿ. ಆಕಾಶ ನೀಲಿ, ಎಲೆ ಹಸಿರು, ಒಂದು ಗೀರಿಲ್ಲ. ಅತ್ತೆ ಮಾತ್ರ ಒಂದು ಫೋಟೋ ನೋಡಿ, "ಇದು ಯಾರೋ?" ಅಂದರು.

ಅದು ಅಮ್ಮಮ್ಮ. ಜಗಲಿಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿರುವ ಫೋಟೋ. ಅವರ ಮುಖದ ತುಂಬ ಸಿಡುಬಿನ ಕಲೆ ಇತ್ತು. ಒಂದು ಕಣ್ಣು ಸ್ವಲ್ಪ ಚಿಕ್ಕದು. ಫೈಲಿನಲ್ಲಿದ್ದ ಹೆಂಗಸಿಗೆ ಮೇಣ ಸವರಿದಂಥ ನುಣುಪು ಕೆನ್ನೆ, ಒಂದೇ ಅಳತೆಯ ಎರಡು ಕಣ್ಣು, ಎಣಿಸಬಹುದಾದಂಥ ರೆಪ್ಪೆಗೂದಲು. ಎಲೆ ಅಡಿಕೆ ತಿಂದು ಕೆಂಪಾಗಿದ್ದ ಹಲ್ಲು ಬೆಳ್ಳಗಾಗಿತ್ತು. ಎಡಗಡೆಯ ಮೂಗುಬೊಟ್ಟು ಮಾಯ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಆಗಿದ್ದು 1975ರಲ್ಲಿ. ಅಂಥ ಮುಖಗಳನ್ನು ಈಗಿನ ಮಕ್ಕಳು ನೋಡಿಯೇ ಇಲ್ಲ. ಅದನ್ನು "ಸರಿ ಮಾಡಿ" ಅಂತ ಯಾರು ಕೇಳಿದ್ದರು?

ಆಮೇಲೆ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆವು. ಲಾಂಚಿನ ಫೋಟೋದಲ್ಲಿ ಒಂದು ಬೋರ್ಡ್ ಇದೆ. ದೂರದಿಂದ ಕನ್ನಡದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ತಲೆಕಟ್ಟು ಇದೆ, ಒತ್ತು ಇದೆ, ಕೊಂಬು ಇದೆ, ಅಕ್ಷರ ಮಾತ್ರ ಒಂದೂ ಇಲ್ಲ. ಹಿರೇಭಾಸ್ಕರ ಕಟ್ಟೆಯಲ್ಲಿ ಹೆಚ್ಚಿನ ನೀರು ಹೊರಬಿಡುವ ಸೈಫನ್ನುಗಳು ಕೆತ್ತನೆ ಮಾಡಿದ ಮಂಟಪದ ಹಾಗೆ ಆಗಿದ್ದವು.

ಎಲ್ಲವನ್ನೂ ಎಐ ಎನ್‌ಹಾನ್ಸ್ ತಂತ್ರಾಂಶಕ್ಕೆ ಹಾಕಿದ್ದರು. ಇದರ ಲೆಕ್ಕ ಸರಳ. 35 ಎಂಎಂ ಸ್ಲೈಡಿನಲ್ಲಿ ಚಿತ್ರ ಇರುವುದು 24×36 ಮಿಲಿಮೀಟರ್ ಜಾಗದಲ್ಲಿ. 2,400 ಡಿಪಿಐಗೆ (ಇಂಚಿಗೆ ಅಷ್ಟು ಚುಕ್ಕೆ) ಸ್ಕ್ಯಾನ್ ಮಾಡಿದರೆ ಉದ್ದಕ್ಕೆ ಸುಮಾರು 3,400 ಪಿಕ್ಸೆಲ್ ಬರುತ್ತದೆ. ಒಳ್ಳೆಯ ಫಿಲ್ಮ್ ಸ್ಕ್ಯಾನರಿನಲ್ಲಿ 4,000 ಡಿಪಿಐಗೆ ಮಾಡಿದರೆ 5,670ರ ಹತ್ತಿರ. ಈ ಅಂಗಡಿಯವರು ಅಗ್ಗದ ಯಂತ್ರದಲ್ಲಿ ಚಿಕ್ಕದಾಗಿ ತೆಗೆದು, ಆಮೇಲೆ ಹಿಗ್ಗಿಸಿದ್ದರು. ಹಿಗ್ಗಿಸಿದಾಗ ಬೇಕಾಗುವ ವಿವರ ಸ್ಲೈಡಿನಿಂದ ಬಂದದ್ದಲ್ಲ. ಬೇರೆ ಸಾವಿರಾರು ಫೋಟೋ ನೋಡಿ ಕಲಿತ ತಂತ್ರಾಂಶ, ಇಲ್ಲಿ ಹೀಗಿರಬಹುದು ಅಂತ ಊಹಿಸಿ ಬರೆದದ್ದು. ಅದಕ್ಕೆ ಅಮ್ಮಮ್ಮನೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ.

ಫೋನ್ ಮಾಡಿ, ಎಐ ಹಾಕದ ಫೈಲ್ ಕೊಡಿ ಅಂತ ಕೇಳಿದೆ. "ಸರ್, ಅದನ್ನ ಇಟ್ಕೊಳಲ್ಲ, ಜಾಗ ಸಾಲಲ್ಲ, ಡಿಲೀಟ್ ಆಗ್ಹೋಗಿದೆ. ಇದೇ ಚೆನ್ನಾಗಿದೆಯಲ್ಲ ಸರ್, ಬೇರೆ ಕಸ್ಟಮರ್ಸ್ ಎಲ್ಲ ಇದನ್ನೇ ಇಷ್ಟಪಡ್ತಾರೆ."

ಹೋಗಲಿ, ಸ್ಲೈಡು ಕೈಯಲ್ಲಿದ್ದರೆ ಇನ್ನೊಂದು ಸಲ ಸ್ಕ್ಯಾನ್ ಮಾಡಿಸಬಹುದು ಅಂದುಕೊಂಡು ಡಬ್ಬ ತೆಗೆದರೆ, ಮೌಂಟುಗಳೇ ಇಲ್ಲ. ಸ್ಕ್ಯಾನರಿನ ತಟ್ಟೆಗೆ ಬೇಗ ಬೇಗ ಜೋಡಿಸಲು ಅನುಕೂಲವಾಗಲಿ ಅಂತ ರಟ್ಟು ಬಿಚ್ಚಿ ಕಸಕ್ಕೆ ಹಾಕಿದ್ದರು. ಬರೀ ಫಿಲ್ಮಿನ ತುಂಡುಗಳು, ಒಂದರ ಮೇಲೊಂದು ಪ್ಲಾಸ್ಟಿಕ್ ಕವರಿನಲ್ಲಿ. ಮಾವನ ಬರವಣಿಗೆ ಅಷ್ಟೂ ಹೋಯಿತು. ನನ್ನನ್ನು ಕೇಳಿದರೆ ಎಐಗಿಂತ ದೊಡ್ಡ ನಷ್ಟ ಇದು. ಮಾವ ಈಗ ಇಲ್ಲ. ಅಡಿಕೆ ಸುಲಿಯುತ್ತಿರುವವರ ಹೆಸರು ಇನ್ನು ಯಾರನ್ನು ಕೇಳುವುದು?

ಫ್ರೀ ಕ್ಲೀನಿಂಗ್ ಬೇರೆ. ನಮ್ಮ ಕಡೆಯ ಥಂಡಿಗೆ ಕೆಲವು ಸ್ಲೈಡಿಗೆ ಬೂಷ್ಟು ಹಿಡಿದಿತ್ತು. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಬೂಷ್ಟು ಹಿಡಿದ ಜೆಲಟಿನ್ ನೀರು ತಾಗಿದರೆ ಕರಗುತ್ತದೆ. ಆದ್ದರಿಂದ ಅದಕ್ಕೆ ನೀರು ಸೋಕಿಸಲೇಬಾರದು, ನೀರಿಲ್ಲದ ಫಿಲ್ಮ್ ಕ್ಲೀನರ್ ಬೇಕು. ಇವರು ಒದ್ದೆ ಬಟ್ಟೆಯಲ್ಲೋ ಲೆನ್ಸ್ ಒರೆಸುವ ನೀರಿನಲ್ಲೋ ಒರೆಸಿದ್ದಾರೆ. ಬೂಷ್ಟಿನ ಜೊತೆ ಚಿತ್ರವೂ ಎದ್ದು ಬಂದು, ಒರೆಸಿದ ದಾರಿಯಲ್ಲಿ ಗಾಜಿನಂಥ ಖಾಲಿ ಪಟ್ಟೆ ಉಳಿದಿದೆ. ಜೋಗದ ಮೂರು ಸ್ಲೈಡು ಹೀಗೆ ಹೋದವು.

ಇಷ್ಟರ ಮೇಲೆ ಲಾಂಚಿನ ಚಿತ್ರವನ್ನು ತಮ್ಮ ಪೇಜಿನಲ್ಲಿ, ತಮ್ಮ ಅಂಗಡಿಯ ವಾಟರ್‌ಮಾರ್ಕ್ ಹೊಡೆದು ಹಾಕಿಕೊಂಡಿದ್ದರು. ನಮ್ಮನ್ನು ಕೇಳಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಫೋಟೋ ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಸ್ಕ್ಯಾನ್ ಮಾಡಿಕೊಟ್ಟ ಮಾತ್ರಕ್ಕೆ ಅದು ಅಂಗಡಿಯ ಸ್ವತ್ತಾಗುವುದಿಲ್ಲ. ಇದನ್ನು ಬರವಣಿಗೆಯಲ್ಲಿ ಕಳಿಸಿದ ಮೇಲೆ ತೆಗೆದರು.

ಬಚಾವಾದ ಸ್ಲೈಡುಗಳನ್ನು ಶಿವಮೊಗ್ಗದ ಸ್ನೇಹಿತನೊಬ್ಬ ತನ್ನ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಕೆಳಗೊಂದು ಒಳ್ಳೆಯ ಲೈಟ್ ಪ್ಯಾನೆಲ್ ಇಟ್ಟುಕೊಂಡು ಮತ್ತೆ ತೆಗೆದುಕೊಟ್ಟ. ಕೆಂಪು ಬಣ್ಣ ಹಾಗೇ ಇದೆ, ಧೂಳು ಇದೆ. ಅಮ್ಮಮ್ಮ ಅಮ್ಮಮ್ಮನ ಹಾಗೇ ಇದ್ದಾರೆ.

ನೀವು ಅಂಗಡಿಗೆ ಕೊಡುವುದೇ ಆದರೆ, ಮೊದಲು ಪ್ರತಿ ಸ್ಲೈಡನ್ನೂ ಮೌಂಟ್ ಸಮೇತ, ಹಿಂದೆ ಮುಂದೆ ಎರಡೂ ಕಡೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಬೇಜಾರಿನ ಕೆಲಸ, ಆದರೂ ಮಾಡಿ. ಮೊದಲ ಸಲ ಎಲ್ಲವನ್ನೂ ಕೊಡಬೇಡಿ. ಅಷ್ಟೇನೂ ಮುಖ್ಯವಲ್ಲದ ನಾಲ್ಕೈದು ಕೊಟ್ಟು ನೋಡಿ. ಬಂದ ಫೈಲನ್ನು ಪೂರ್ತಿ ಹಿಗ್ಗಿಸಿ. ಫಿಲ್ಮಿನ ಕಾಳುಕಾಳು ಗ್ರೇನ್ ಕಾಣಬೇಕು. ಕೆನ್ನೆ, ಗೋಡೆ, ಆಕಾಶ ಎಲ್ಲ ಒಂದೇ ಸಮ ನುಣ್ಣಗಿದ್ದರೆ ಅನುಮಾನ ಪಡಿ. ಫ್ರೇಮಿನ ಸುತ್ತ ಕಪ್ಪು ಅಂಚು ಕಾಣುವಂತೆಯೇ ಸ್ಕ್ಯಾನ್ ಮಾಡಿ ಅಂತ ಹೇಳಿ. ಕತ್ತರಿಸುವುದು ಆಮೇಲೆ ನೀವೇ ಮಾಡಬಹುದು. ಬೂಷ್ಟು ಹಿಡಿದದ್ದನ್ನು ಬೇರೆ ಇಟ್ಟು, ಒರೆಸಬೇಡಿ ಅಂತ ಬರೆದು ಕೊಡಿ.

ಅಂಗಡಿಯವರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಪ್ರಶ್ನೆ ಸಾಕು. "ಕೊಡಾಕ್ರೋಮ್ ಇದೆ, ಧೂಳು ತೆಗೆಯೋದು ಹೇಗೆ ಮಾಡ್ತೀರಿ?" ಅಂತ ಕೇಳಿ. ಒಳ್ಳೆಯ ಸ್ಕ್ಯಾನರುಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ಧೂಳು ಪತ್ತೆ ಮಾಡುತ್ತವೆ. ಅದು ಎಐ ಅಲ್ಲ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಡಾಕ್ರೋಮ್ ಮತ್ತು ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಿನಲ್ಲಿ ಅದು ಎಡವುತ್ತದೆ, ಚಿತ್ರವನ್ನೇ ಧೂಳು ಅಂತ ತಿಳಿಯುತ್ತದೆ. ಕೆಲಸ ಬಲ್ಲವರು ಇದನ್ನು ತಕ್ಷಣ ಹೇಳುತ್ತಾರೆ. "ಎಲ್ಲಾ ಆಟೋಮ್ಯಾಟಿಕ್ ಸರ್" ಅಂದರೆ ಡಬ್ಬ ಎತ್ತಿಕೊಂಡು ವಾಪಸ್ ಬನ್ನಿ.

ನಮ್ಮ ರಸೀದಿಯ ಹಿಂದೆ, ಫಿಲ್ಮ್ ಹಾಳಾದರೆ ಹೊಸ ಫಿಲ್ಮಿನ ಬೆಲೆ ಮಾತ್ರ ಕೊಡುತ್ತೇವೆ ಅಂತ ಅಚ್ಚು ಹಾಕಿದ್ದಾರೆ. ಅದನ್ನು ನೋಡಿ ಸುಮ್ನೆ ಕೂರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದವನ್ನು ಪ್ರಶ್ನಿಸಲು ಅವಕಾಶ ಇದೆ. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇವೆ. "ಹೇಗಿತ್ತೋ ಹಾಗೇ ವಾಪಸ್" ಅನ್ನುವ ಆ ಮೆಸೇಜನ್ನೂ ಜೊತೆಗೆ ಕೊಟ್ಟಿದ್ದೇವೆ. ದುಡ್ಡು ವಾಪಸ್ ಕೊಡುತ್ತೇವೆ ಅಂತ ಈಗ ಹೇಳುತ್ತಿದ್ದಾರೆ. ಮೌಂಟಿನ ವಿಷಯಕ್ಕೆ ಇನ್ನೂ ಉತ್ತರವಿಲ್ಲ.

ಸಾಗರ, ಹೊಸನಗರ ಕಡೆಯವರಿಗೆ ಇನ್ನೊಂದು ಮಾತು. ನಮ್ಮ ಮಾವನ ಲಾಂಚಿನ ಫೋಟೋ ಅಂತ ಓಡಾಡುತ್ತಿರುವುದು ಹೆಚ್ಚಾಗಿ ಆ ಎಐ ಹಾಕಿದ ಪ್ರತಿಯೇ. ನಿಮ್ಮ ಫೋನಿಗೆ ಬಂದಿದ್ದರೆ ಬೋರ್ಡ್ ದೊಡ್ಡದು ಮಾಡಿ ಓದಿ ನೋಡಿ. ಓದಲು ಬರದಿದ್ದರೆ ಅಳಿಸಿಬಿಡಿ, ನನ್ನನ್ನು ಕೇಳಿ, ಸರಿಯಾದದ್ದನ್ನು ಕಳಿಸುತ್ತೇನೆ. ಅದರಲ್ಲಿ ಲಾಂಚ್ ಮೇಲೆ ನಿಂತವರಲ್ಲಿ ಯಾರದ್ದಾದರೂ ಗುರುತು ಸಿಕ್ಕರೆ ದಯವಿಟ್ಟು ತಿಳಿಸಿ.