ಹಳ್ಳಿ ಕೌಂಟಿಯ ಪ್ರೈಮರಿ ಫಲಿತಾಂಶ ಸೇವೆ: ರಾತ್ರಿಯ ಪರದೆಗಿಂತ ಬೂತ್‌ವಾರು ಪಟ್ಟಿಯೇ ಮೇಲು

ಅಮೆರಿಕದ ಹಳ್ಳಿಗಾಡಿನ ಎಷ್ಟೋ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳಲ್ಲಿ, ಪ್ರೈಮರಿಯೇ ನಿಜವಾದ ಚುನಾವಣೆ. ಪ್ರೈಮರಿ ಎಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಆರಿಸುವ ಮೊದಲ ಸುತ್ತಿನ ಮತದಾನ. ಒಂದೇ ಪಕ್ಷದ ಹಿಡಿತ ಗಟ್ಟಿಯಾಗಿರುವ ಕಡೆ ಪಕ್ಷದ ಟಿಕೆಟ್ ಯಾರಿಗೆ ಸಿಕ್ಕಿತೋ ಅವರೇ ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಅವರೇ ಕೌಂಟಿ ಕಮಿಷನರ್ (ಕೌಂಟಿ ಆಡಳಿತ ಮಂಡಳಿಯ ಸದಸ್ಯ). ಎದುರು ಪಕ್ಷದಿಂದ ಯಾರೂ ನಿಲ್ಲದಿರುವುದೂ ಉಂಟು. ಹತ್ತಿಪ್ಪತ್ತು ಮತಗಳ ಅಂತರದಲ್ಲಿ ನಾಲ್ಕು ವರ್ಷದ ಅಧಿಕಾರ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಈ ಫಲಿತಾಂಶವನ್ನು ಕೌಂಟಿ ಕಚೇರಿ ಜನರಿಗೆ ಹೇಗೆ ಒದಗಿಸುತ್ತದೆ ಎಂಬುದನ್ನು ಒಂದು ಸಾರ್ವಜನಿಕ ಸೇವೆಯಾಗಿಯೇ ಅಳೆದು ನೋಡಬೇಕು. ನಮ್ಮ ಅಳತೆಗೋಲು ಒಂದೇ: ಕಚೇರಿಯ ಹೊರಗಿರುವ ಓದುಗ ತಾನೇ ಕೂಡಿ ಕಳೆದು ಲೆಕ್ಕ ತಾಳೆ ನೋಡಲು ಆಗುತ್ತದೆಯೇ, ಇಲ್ಲವೇ?

ಮೊದಲು ಎಲ್ಲರೂ ತೆರೆಯುವ ರಾಜ್ಯಮಟ್ಟದ ಲೈವ್ ಫಲಿತಾಂಶ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಭಾರತದಂತೆ ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ಅಲ್ಲಿಲ್ಲ. ಟೆಕ್ಸಸ್‌ನಲ್ಲಿ 254 ಕೌಂಟಿ, ಕ್ಯಾನ್ಸಸ್‌ನಲ್ಲಿ 105, ಅಯೋವಾದಲ್ಲಿ 99. ಎಣಿಕೆ ನಡೆಯುವುದು ಆಯಾ ಕೌಂಟಿಯಲ್ಲೇ. ರಾಜ್ಯದ ಪರದೆಯಲ್ಲಿ ಕಾಣುವುದು ಕೌಂಟಿಯವರು ಕಳಿಸಿದ ಅಂಕಿ ಮಾತ್ರ. ಕಾಗದದ ಮತಪತ್ರ ಓದಿ ಎಣಿಸುವ ಮತಗಟ್ಟೆಯ ಸ್ಕ್ಯಾನರ್‌ನಿಂದ ಮೆಮೊರಿ ಕಾರ್ಡ್ ಅಥವಾ ಪೆನ್ ಡ್ರೈವ್ ತೆಗೆದು, ಸೀಲ್ ಮಾಡಿದ ಚೀಲದಲ್ಲಿ ಹಾಕಿ, ಕಾರಿನಲ್ಲಿ ಕೌಂಟಿ ಕೇಂದ್ರಕ್ಕೆ ತರುತ್ತಾರೆ. ಅಲ್ಲಿ ಇಂಟರ್ನೆಟ್ ಸಂಪರ್ಕವಿಲ್ಲದ ಕಂಪ್ಯೂಟರ್‌ಗೆ ಅದನ್ನು ಓದಿಸಿ, ಬಂದ ಫೈಲನ್ನು ಇನ್ನೊಂದು ಪೆನ್ ಡ್ರೈವ್‌ಗೆ ಹಾಕಿ, ಬೇರೆ ಕಂಪ್ಯೂಟರ್‌ನಿಂದ ರಾಜ್ಯಕ್ಕೆ ಕಳಿಸುತ್ತಾರೆ. ತೀರಾ ಚಿಕ್ಕ ಕೌಂಟಿಗಳಲ್ಲಿ ಕೈಯಿಂದಲೇ ಟೈಪ್ ಮಾಡುವುದೂ ಇದೆ.

ತಪ್ಪು ನುಸುಳುವುದು ಹೆಚ್ಚಾಗಿ ಈ ಹಾದಿಯಲ್ಲೇ. ಕೈಯಿಂದ ತುಂಬುವಾಗ ಒಂದು ಸಾಲು ಕೆಳಗಿಳಿದರೆ ಒಬ್ಬರ ಮತ ಇನ್ನೊಬ್ಬರ ಹೆಸರಿನ ಮುಂದೆ ಕೂರುತ್ತದೆ. 143 ಹೋಗಿ 134 ಆಗುತ್ತದೆ. ಎರಡನೇ ಸಲ ಕಳಿಸಿದ ಫೈಲ್ ಮೊದಲನೆಯದರ ಜಾಗದಲ್ಲಿ ಕೂರಬೇಕಾಗಿದ್ದು ಅದರ ಮೇಲೆ ಕೂಡಿಕೊಂಡರೆ ಮತ ಇಮ್ಮಡಿಯಾಗುತ್ತದೆ. ಅಂಚೆ ಮತಪತ್ರಗಳ ಒಂದು ಕಟ್ಟು ಎರಡು ಸಲ ಸ್ಕ್ಯಾನ್ ಆಗಬಹುದು, ಇಲ್ಲವೇ ಪೆಟ್ಟಿಗೆಯಲ್ಲೇ ಉಳಿಯಬಹುದು. ಇವುಗಳಲ್ಲಿ ಬಹುತೇಕ ಮರುದಿನ ಸಿಕ್ಕಿಬೀಳುತ್ತವೆ. ಆದರೆ ಲೈವ್ ಪರದೆ ನೋಡುವವನಿಗೆ ರಾತ್ರಿ ಇದ್ದ ಅಂಕಿ ಬೆಳಿಗ್ಗೆ ಕಡಿಮೆಯಾದದ್ದಷ್ಟೇ ಕಾಣುತ್ತದೆ, ಕಾರಣ ಕಾಣುವುದಿಲ್ಲ. ತಿದ್ದುಪಡಿ ಆದಾಗ ಯಾವ ಗಂಟೆಗೆ, ಯಾವ ಮತಗಟ್ಟೆಯ ಅಂಕಿ, ಏಕೆ ಬದಲಾಯಿತು ಎಂದು ಒಂದು ಸಾಲು ಬರೆದರೆ ಸಾಕು. ಆ ಒಂದು ಸಾಲನ್ನು ಬರೆಯುವ ಕಚೇರಿಗಳು ಕಡಿಮೆ.

ಪರದೆಯ ಇನ್ನೊಂದು ದೊಡ್ಡ ದೋಷ ‘100 ಶೇಕಡಾ ಪ್ರಿಸಿಂಕ್ಟ್ ವರದಿಯಾಗಿದೆ’ ಎಂಬ ಸಾಲು. ಪ್ರಿಸಿಂಕ್ಟ್ ಎಂದರೆ ಹೆಚ್ಚುಕಡಿಮೆ ನಮ್ಮ ಬೂತ್. ಎಲ್ಲ ಬೂತ್‌ಗಳಿಂದ ಏನೋ ಒಂದು ಅಂಕಿ ಬಂದಿದೆ ಎಂಬುದಷ್ಟೇ ಆ ಸಾಲಿನ ಅರ್ಥ. ಎಲ್ಲ ಮತ ಎಣಿಸಿಯಾಯಿತು ಎಂದಲ್ಲ. ತಡವಾಗಿ ತಲುಪುವ ಅಂಚೆ ಮತ, ವಿದೇಶದಲ್ಲಿರುವವರ ಮತ್ತು ಸೈನಿಕರ ಮತ, ಸಹಿ ಸರಿಪಡಿಸಬೇಕಾದ ಲಕೋಟೆ, ಅರ್ಹತೆ ಪರಿಶೀಲನೆಗೆ ಇಟ್ಟ ಪ್ರೊವಿಷನಲ್ ಮತಪತ್ರ ಇವೆಲ್ಲ ಹೊರಗೇ ಉಳಿದಿರುತ್ತವೆ. ನೆವಾಡಾದಲ್ಲಿ ಚುನಾವಣೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದ ಮತ ನಾಲ್ಕು ದಿನ ತಡವಾಗಿ ಬಂದರೂ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಕೌಂಟಿಯಲ್ಲಿ ಇದು ಮೊತ್ತದಲ್ಲಿ ಕರಗಿಹೋಗುತ್ತದೆ. 400 ಮತದ ಪ್ರೈಮರಿಯಲ್ಲಿ ಆರು ಲಕೋಟೆಗಳೇ ಗೆದ್ದವರನ್ನು ಬದಲಾಯಿಸಬಲ್ಲವು. ‘ಇನ್ನೂ ಎಣಿಸಬೇಕಾದ ಮತಪತ್ರ ಇಷ್ಟು’ ಎಂಬ ಅಂಕಿಯನ್ನು ಕೊಡದ ಯಾವ ಲೈವ್ ಸೇವೆಗೂ ನಾವು 5ಕ್ಕೆ 2ಕ್ಕಿಂತ ಹೆಚ್ಚು ಕೊಡುವುದಿಲ್ಲ.

ನಿಜವಾಗಿ ಬೆಲೆಬಾಳುವುದು ಕೌಂಟಿ ಕ್ಲರ್ಕ್, ಅಂದರೆ ಚುನಾವಣೆ ನಡೆಸುವ ಕೌಂಟಿ ಅಧಿಕಾರಿ, ಹೊರತರುವ ಬೂತ್‌ವಾರು ಮತಪಟ್ಟಿ. ಅಲ್ಲಿಯ ಕಚೇರಿ ಭಾಷೆಯಲ್ಲಿ ಸ್ಟೇಟ್‌ಮೆಂಟ್ ಆಫ್ ವೋಟ್ಸ್ ಕಾಸ್ಟ್. ನೋಡಲು ಚೆನ್ನಾಗಿರುವುದಿಲ್ಲ, ಫೋನಿನಲ್ಲಂತೂ ಓದಲಾಗುವುದಿಲ್ಲ. ಆದರೆ ಪ್ರತಿ ಬೂತಿಗೆ ಒಂದು ಸಾಲು, ಪ್ರತಿ ಅಭ್ಯರ್ಥಿಗೆ ಒಂದು ಕಾಲಂ, ಜೊತೆಗೆ ರೈಟ್-ಇನ್, ಅಂಡರ್‌ವೋಟ್, ಓವರ್‌ವೋಟ್ ಎಂಬ ಮೂರು ಕಾಲಂ ಇದ್ದರೆ ಅದೇ ಚಿನ್ನ. ರೈಟ್-ಇನ್ ಎಂದರೆ ಅಚ್ಚಾಗದ ಹೆಸರನ್ನು ಮತದಾರ ತಾನೇ ಬರೆದದ್ದು. ಅಂಡರ್‌ವೋಟ್ ಎಂದರೆ ಹಲವು ಸ್ಥಾನಗಳಿರುವ ಒಂದೇ ಮತಪತ್ರದಲ್ಲಿ ಒಂದು ಸ್ಥಾನಕ್ಕೆ ಗುರುತು ಹಾಕದೆ ಬಿಟ್ಟದ್ದು. ಓವರ್‌ವೋಟ್ ಎಂದರೆ ಮಿತಿಗಿಂತ ಹೆಚ್ಚು ಗುರುತು ಹಾಕಿ ಆ ಸ್ಥಾನದ ಮಟ್ಟಿಗೆ ಮತ ಕೆಟ್ಟದ್ದು.

ತಾಳೆ ನೋಡುವ ರೀತಿ ಹೀಗೆ. ಉದಾಹರಣೆಗೆ ಒಂದು ಬೂತಿನಲ್ಲಿ ಒಂದು ಪಕ್ಷದ 412 ಮತಪತ್ರ ಬಿದ್ದಿವೆ ಎನ್ನಿ. ಶೆರಿಫ್ ಸ್ಥಾನಕ್ಕೆ ಒಬ್ಬರಿಗೆ 201, ಇನ್ನೊಬ್ಬರಿಗೆ 178, ಅಂಡರ್‌ವೋಟ್ 30, ಓವರ್‌ವೋಟ್ 3. ಕೂಡಿದರೆ 412. ಲೆಕ್ಕ ಸರಿ. ಇಬ್ಬರನ್ನು ಆರಿಸುವ ಸ್ಥಾನವಾದರೆ ಮೊತ್ತ 824 ಬರಬೇಕು, ಅಲ್ಲಿ ಕೆಟ್ಟ ಒಂದು ಮತಪತ್ರವನ್ನು ಸಾಮಾನ್ಯವಾಗಿ ಎರಡು ಓವರ್‌ವೋಟ್ ಎಂದು ತೋರಿಸುತ್ತಾರೆ. ಒಂದೇ ಒಂದು ಬೂತಿನಲ್ಲಿ ಅಂಡರ್‌ವೋಟ್ ಇದ್ದಕ್ಕಿದ್ದಂತೆ ಏರಿದ್ದರೆ ಕೂಡಲೇ ಎಚ್ಚರಾಗಬೇಕು. ಆ ಬೂತಿನ ಕೆಲವರಿಗೆ ಆ ಸ್ಥಾನವೇ ಇಲ್ಲದ ಮತಪತ್ರ ಹೋಗಿರಬಹುದು, ಇಲ್ಲವೇ ಸ್ಕ್ಯಾನರ್‌ನ ಜೋಡಣೆ ತಪ್ಪಿರಬಹುದು. ಕಮಿಷನರ್ ಕ್ಷೇತ್ರದ ಗಡಿ ಬೂತಿನ ನಡುವೆ ಹಾದುಹೋಗಿರುವ ಕಡೆ ಇದು ಹೆಚ್ಚು. ಈ ಪಟ್ಟಿಗೆ 5ಕ್ಕೆ 4. ಅಂಡರ್‌ವೋಟ್ ಕಾಲಂ ಇಲ್ಲದ ಪಟ್ಟಿಗೆ ಎರಡೂವರೆ, ಏಕೆಂದರೆ ಆಗ ಕೂಡುವುದಕ್ಕೇ ದಾರಿಯಿಲ್ಲ.

ಶೇಕಡಾ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಮೇಲಿನ ಉದಾಹರಣೆಯಲ್ಲಿ 201ನ್ನು ಆ ಸ್ಥಾನಕ್ಕೆ ಬಿದ್ದ 379 ಮತಗಳಿಂದ ಭಾಗಿಸಿದರೆ ಶೇ 53, ಒಟ್ಟು 412 ಮತಪತ್ರದಿಂದ ಭಾಗಿಸಿದರೆ ಶೇ 48.8. ಟೆಕ್ಸಸ್, ಜಾರ್ಜಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರ ನಡುವೆ ಮತ್ತೊಂದು ಸುತ್ತಿನ ಮತದಾನ, ಅಂದರೆ ರನ್‌ಆಫ್. ಅಯೋವಾದಲ್ಲಿ ಯಾರಿಗೂ ಶೇ 35 ಬರದಿದ್ದರೆ ಅಭ್ಯರ್ಥಿಯನ್ನು ಪಕ್ಷದ ಸಮಾವೇಶ ಆರಿಸುತ್ತದೆ. ಕೆಂಟಕಿಯಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಭಾಜಕವಾಗಬೇಕಾದದ್ದು ಆ ಸ್ಥಾನಕ್ಕೆ ಬಿದ್ದ ಸಿಂಧು ಮತ, ಒಟ್ಟು ಮತಪತ್ರವಲ್ಲ. ನೆವಾಡಾದಲ್ಲಿ ರಾಜ್ಯಮಟ್ಟದ ಸ್ಥಾನಗಳಿಗೆ ‘ಇವರಲ್ಲಿ ಯಾರೂ ಅಲ್ಲ’ ಎಂಬ ಸಾಲೂ ಇದೆ. ಅದಕ್ಕೆ ಎಷ್ಟೇ ಮತ ಬಂದರೂ ಗೆಲ್ಲುವುದು ಹೆಸರಿರುವ ಅಭ್ಯರ್ಥಿಯೇ. 2024ರ ಫೆಬ್ರುವರಿಯ ರಿಪಬ್ಲಿಕನ್ ಅಧ್ಯಕ್ಷೀಯ ಪ್ರೈಮರಿಯಲ್ಲಿ ಅಭ್ಯರ್ಥಿ ನಿಕ್ಕಿ ಹೇಲಿಗಿಂತ ಆ ಸಾಲಿಗೇ ಹೆಚ್ಚು ಮತ ಬಿದ್ದಿತ್ತು.

ಮತದಾನದ ಪ್ರಮಾಣವನ್ನೂ ಕಣ್ಣುಮುಚ್ಚಿ ಹೋಲಿಸಬಾರದು. ನೆವಾಡಾದಂತೆ ಪಕ್ಷದ ಸದಸ್ಯರಷ್ಟೇ ಮತ ಹಾಕುವ ರಾಜ್ಯದಲ್ಲಿ ಆ ಪಕ್ಷಕ್ಕೆ ನೋಂದಾಯಿಸಿದವರ ಸಂಖ್ಯೆಯಿಂದ ಭಾಗಿಸಬೇಕು. ಟೆಕ್ಸಸ್‌ನಲ್ಲಿ ಮತದಾರರ ನೋಂದಣಿಗೆ ಪಕ್ಷವೇ ಇಲ್ಲ, ಆದ್ದರಿಂದ ಅಲ್ಲಿ ಎರಡೂ ಪಕ್ಷಗಳ ಪ್ರಮಾಣವನ್ನು ಒಟ್ಟು ಮತದಾರರ ಮೇಲೆಯೇ ತೆಗೆಯುತ್ತಾರೆ. ಎರಡು ರಾಜ್ಯಗಳ ಅಂಕಿ ಪಕ್ಕಪಕ್ಕ ಇಟ್ಟು ಒಂದು ಕಡೆ ಉತ್ಸಾಹ, ಇನ್ನೊಂದು ಕಡೆ ನಿರುತ್ಸಾಹ ಎಂದು ಬರೆಯುವವರು ಇದನ್ನು ಮರೆತಿರುತ್ತಾರೆ.

ಬೂತ್‌ವಾರು ಪಟ್ಟಿಯೂ ಯಂತ್ರದ ಮಾತೇ. ಅದನ್ನು ಕಾಗದದ ಮೇಲೆ ಒರೆಹಚ್ಚುವ ಕೆಲಸವೇ ಈ ಸೇವೆಯ ಬೆನ್ನೆಲುಬು. 2022ರ ಆಗಸ್ಟ್ ಪ್ರೈಮರಿಯಲ್ಲಿ ಕ್ಯಾನ್ಸಸ್‌ನ ಚೆರೋಕೀ ಕೌಂಟಿಯಲ್ಲಿ ಕಮಿಷನರ್ ಸ್ಥಾನದ ಇಬ್ಬರು ರಿಪಬ್ಲಿಕನ್ ಅಭ್ಯರ್ಥಿಗಳ ಮತ ಅದಲುಬದಲಾಗಿತ್ತು. ಪೆನ್ ಡ್ರೈವ್‌ಗಳ ಪ್ರೋಗ್ರಾಮಿಂಗ್‌ನಲ್ಲೇ ತಪ್ಪಾಗಿತ್ತು. ಚುನಾವಣೆಯ ನಂತರ ಕೆಲವು ಮತಪತ್ರಗಳನ್ನು ಕೈಯಿಂದ ಎಣಿಸಿ ನೋಡುವ ಕಡ್ಡಾಯ ಪರಿಶೀಲನೆಯಲ್ಲಿ ಅದು ಹೊರಬಿತ್ತು, ಗೆದ್ದವರು ಸೋತರು, ಸೋತವರು ಗೆದ್ದರು. ರಾತ್ರಿಯ ಪರದೆ ಇದನ್ನು ಎಂದಿಗೂ ಹೇಳುತ್ತಿರಲಿಲ್ಲ.

ಮಿಷಿಗನ್‌ನ ಆ್ಯಂಟ್ರಿಮ್ ಕೌಂಟಿಯದು 2020ರ ನವೆಂಬರ್ ಚುನಾವಣೆ, ಪ್ರೈಮರಿಯಲ್ಲ, ಆದರೂ ಪಾಠ ಇದೇ ಜಾತಿಯದು. ಕೆಲವು ಊರುಗಳ ಮತಪತ್ರವನ್ನು ಕೊನೆಗಳಿಗೆಯಲ್ಲಿ ಬದಲಾಯಿಸಿ, ಎಲ್ಲ ಯಂತ್ರಗಳಿಗೂ ಹೊಸ ಫೈಲ್ ತುಂಬಲಿಲ್ಲ. ಕೇಂದ್ರದ ಕಂಪ್ಯೂಟರ್ ಒಂದು ಜೋಡಣೆ, ಮತಗಟ್ಟೆಯ ಯಂತ್ರ ಇನ್ನೊಂದು ಜೋಡಣೆ ಹಿಡಿದಿದ್ದರಿಂದ ಮೊದಲು ಪ್ರಕಟವಾದ ಅಂಕಿ ತಲೆಕೆಳಗಾಗಿತ್ತು. ಡಿಸೆಂಬರ್‌ನಲ್ಲಿ ಎಲ್ಲ ಮತಪತ್ರ ಕೈಯಿಂದ ಎಣಿಸಿದಾಗ ತಿದ್ದಿದ ಅಧಿಕೃತ ಲೆಕ್ಕಕ್ಕೂ ಅದಕ್ಕೂ ಅಂತರದಲ್ಲಿ ಕಂಡ ವ್ಯತ್ಯಾಸ 12 ಮತ. ಇಂಥದ್ದನ್ನು ಅದೇ ರಾತ್ರಿ ಹಿಡಿಯುವ ಸಾಧನ ಮತಗಟ್ಟೆಯ ಯಂತ್ರ ಮುದ್ರಿಸುವ ಉದ್ದನೆಯ ಕಾಗದದ ಪಟ್ಟಿ. ಬಿಲ್‌ನಂಥ ಆ ಪಟ್ಟಿಯಲ್ಲಿ ಬೆಳಿಗ್ಗೆ ಎಲ್ಲ ಹೆಸರಿನ ಮುಂದೆ ಸೊನ್ನೆ ಇರಬೇಕು, ಸಂಜೆ ಅಂತಿಮ ಮತ ಇರಬೇಕು, ಕೆಳಗೆ ಸಿಬ್ಬಂದಿಯ ಸಹಿ ಇರಬೇಕು. ಅದರ ಒಂದು ಪ್ರತಿಯನ್ನು ಮತಗಟ್ಟೆಯ ಬಾಗಿಲಿಗೆ ಅಂಟಿಸುವ ಕೌಂಟಿಗಳಿಗೆ ನಮ್ಮ ಪೂರ್ಣ ಗೌರವ. ಅದರ ಫೋಟೊ ತೆಗೆದು ಮರುದಿನದ ಪಟ್ಟಿಯ ಜೊತೆ ಹಿಡಿದು ನೋಡಿದರೆ ನಡುವೆ ಏನಾದರೂ ಜಾರಿದ್ದು ಗೊತ್ತಾಗುತ್ತದೆ. ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ಫೋಟೊ ಅಂದೇ ತೆಗೆಯಬೇಕು.

ಹಾಗಾದರೆ ಪೂರ್ತಿ ಕೈ ಎಣಿಕೆಯೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಪರಿಶೀಲನೆಗೆ ಹೌದು, ಮೊದಲ ಎಣಿಕೆಗೆ ಅಲ್ಲ. 2022ರ ಜೂನ್ ಪ್ರೈಮರಿಯ ನಂತರ ನೆವಾಡಾದ ಎಸ್ಮೆರಾಲ್ಡಾ ಕೌಂಟಿಯಲ್ಲಿ 317 ಮತಪತ್ರಗಳನ್ನು ಕೈಯಿಂದ ಎಣಿಸಲು ಏಳು ಗಂಟೆಗೂ ಹೆಚ್ಚು ಹಿಡಿಯಿತು. ಒಂದೊಂದಕ್ಕೆ ಸುಮಾರು 80 ಸೆಕೆಂಡ್. ಟೆಕ್ಸಸ್‌ನಲ್ಲಿ ಪ್ರೈಮರಿ ನಡೆಸುವ ಹೊಣೆ ಪಕ್ಷಗಳದ್ದೇ, ಹೇಗೆ ಎಣಿಸಬೇಕೆಂಬ ತೀರ್ಮಾನವೂ ಅವರದ್ದೇ. 2024ರ ಮಾರ್ಚ್‌ನಲ್ಲಿ ಗಿಲೆಸ್ಪಿ ಕೌಂಟಿಯ ರಿಪಬ್ಲಿಕನ್ ಪಕ್ಷ 8,000ಕ್ಕೂ ಹೆಚ್ಚು ಮತಪತ್ರಗಳನ್ನು ಕೈಯಿಂದ ಎಣಿಸಿತು. ಕೆಲಸ ಮುಗಿದದ್ದು ಬೆಳಗಿನ ಜಾವ. ಆಮೇಲೆ ನೋಡಿದರೆ 13 ಪ್ರಿಸಿಂಕ್ಟ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರ ಲೆಕ್ಕದಲ್ಲೂ ತಪ್ಪು ಸಿಕ್ಕಿತು, ತಿದ್ದಬೇಕಾಯಿತು. ಎಣಿಸಿದವರ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಿಲ್ಲ. ಟೆಕ್ಸಸ್‌ನ ಪ್ರೈಮರಿ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದಿಂದ ನ್ಯಾಯಾಧೀಶರವರೆಗೆ ಹತ್ತಾರು ಸ್ಥಾನ, ಕೊನೆಗೆ ಪಕ್ಷ ಕೇಳುವ ಹೌದು-ಅಲ್ಲ ಪ್ರಶ್ನೆಗಳ ಸಾಲು. ಒಬ್ಬರು ಓದಿ, ಉಳಿದವರು ಗೀಟು ಹಾಕಿ, ಗೀಟು ಎಣಿಸಿ, ಹಾಳೆಯಿಂದ ಹಾಳೆಗೆ ಮೊತ್ತ ಇಳಿಸುವಾಗ, ಅದೂ ನಿದ್ದೆಗೆಟ್ಟು ಕೂತಾಗ, ಕೂಡುವಲ್ಲಿ ತಪ್ಪು ಬಂದೇ ಬರುತ್ತದೆ. ಫಲಿತಾಂಶ ಒದಗಿಸುವ ವಿಧಾನವಾಗಿ ಇದಕ್ಕೆ 5ಕ್ಕೆ ಒಂದೂವರೆ.

ಅಧಿಕೃತ ಫಲಿತಾಂಶ ಎನ್ನಿಸಿಕೊಳ್ಳುವುದು ಕ್ಯಾನ್ವಾಸ್ ಮುಗಿದು ಪ್ರಮಾಣೀಕರಣವಾದ ಮೇಲೆ. ಸಹಿ ಹಾಕಿದ ಮತದಾರರ ಸಂಖ್ಯೆಗೂ ಪೆಟ್ಟಿಗೆಯ ಮತಪತ್ರಕ್ಕೂ ತಾಳೆ ನೋಡಿ, ಬಾಕಿ ಲಕೋಟೆ ಸೇರಿಸಿ, ಕೌಂಟಿ ಮಂಡಳಿ ಒಪ್ಪಿಗೆ ಕೊಡುವ ಹಂತ ಇದು. ಒಪ್ಪಿಗೆ ಕೊಡುವುದು ಮಂಡಳಿಯ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ. 2022ರಲ್ಲಿ ನ್ಯೂ ಮೆಕ್ಸಿಕೋದ ಒಟೆರೋ ಕೌಂಟಿಯ ಮಂಡಳಿ ಯಂತ್ರಗಳ ಮೇಲೆ ನಂಬಿಕೆಯಿಲ್ಲವೆಂದು ಜೂನ್ 7ರ ಪ್ರೈಮರಿಯನ್ನು ಪ್ರಮಾಣೀಕರಿಸಲು ಒಪ್ಪಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಜೂನ್ 17ರಂದು 2–1 ಮತದಿಂದ ಒಪ್ಪಿಕೊಂಡಿತು. ಪ್ರೈಮರಿ ತಡವಾದರೆ ನವೆಂಬರ್‌ನ ಮತಪತ್ರ ಅಚ್ಚಾಗುವುದೂ ತಡ. ವಿದೇಶದಲ್ಲಿರುವ ಮತದಾರರಿಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕೆಂಬುದು 2009ರ ಕೇಂದ್ರ ಕಾನೂನು.

ಒಂದು ಕಡೆ ಮಾತ್ರ ಅಂಕಿ ಮುಚ್ಚಿಡುವುದು ಸರಿ. ಒಂದು ಬೂತಿನಲ್ಲಿ ಒಂದು ಪಕ್ಷಕ್ಕೆ ನಾಲ್ಕೇ ಮತ ಬಿದ್ದು, ನಾಲ್ಕೂ ಒಬ್ಬರಿಗೇ ಹೋಗಿದ್ದರೆ ಆ ನಾಲ್ವರ ಗುಟ್ಟು ಊರಿಗೇ ತಿಳಿದಂತೆ, ಏಕೆಂದರೆ ಯಾರು ಯಾವ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದರು ಎಂಬುದು ಅಲ್ಲಿ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ಅದಕ್ಕೇ ನೆವಾಡಾದ ಪಟ್ಟಿಯಲ್ಲಿ ತೀರಾ ಕಡಿಮೆ ಮತ ಇರುವ ಕಡೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಇರುತ್ತದೆ. ಇಂಥ ಪಟ್ಟಿಯನ್ನು ಕೂಡುವಾಗ ಆ ಚಿಹ್ನೆಯನ್ನು ಸೊನ್ನೆ ಎಂದು ತೆಗೆದುಕೊಂಡರೆ ಮೊತ್ತ ಕಡಿಮೆ ಬರುತ್ತದೆ. ಕೌಂಟಿಯ ಒಟ್ಟು ಮೊತ್ತದಿಂದ ಕಳೆದು, ಮುಚ್ಚಿದ ಬೂತ್‌ಗಳನ್ನು ಒಟ್ಟಾಗಿ ಒಂದು ಸಾಲು ಮಾಡಿಕೊಳ್ಳಬೇಕು.

ಕಡೆಗಣಿಸಿದ ಮೂಲೆ ಎಂದರೆ ಪಕ್ಷದ ಬೂತ್ ಸಮಿತಿ ಸ್ಥಾನಗಳು. ಕ್ಯಾನ್ಸಸ್‌ನಲ್ಲಿ ಪ್ರತಿ ಪ್ರಿಸಿಂಕ್ಟ್‌ನಿಂದ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಆಗಸ್ಟ್ ಪ್ರೈಮರಿಯಲ್ಲೇ ಆರಿಸುತ್ತಾರೆ. ಯಾರೂ ಅರ್ಜಿ ಹಾಕದ ಕಡೆ ಕೈಯಿಂದ ಬರೆದ ಎರಡು ಮೂರು ಹೆಸರೇ ತೀರ್ಮಾನ ಮಾಡುತ್ತವೆ. ಲೈವ್ ಪರದೆ ಇವನ್ನೆಲ್ಲ ‘ರೈಟ್-ಇನ್’ ಎಂಬ ಒಂದೇ ಅಂಕಿಯಲ್ಲಿ ತುಂಬಿಬಿಡುತ್ತದೆ. ಹೆಸರುಗಳು ಬೇಕೆಂದರೆ ಕ್ಯಾನ್ವಾಸ್ ಮುಗಿದ ಮೇಲೆ ಕ್ಲರ್ಕ್ ಕಚೇರಿಗೆ ಬರೆದೇ ಕೇಳಬೇಕು. ಕೇಳುವಾಗ ‘ಫಲಿತಾಂಶ ಕೊಡಿ’ ಎಂದರೆ ಒಂದು ಪುಟದ ಸಾರಾಂಶ ಬರುತ್ತದೆ. ಪ್ರೈಮರಿಯ ದಿನಾಂಕ, ಪಕ್ಷ, ಬೂತ್‌ವಾರು ಅಧಿಕೃತ ಮತಪಟ್ಟಿ, ಅಂಡರ್‌ವೋಟ್ ಮತ್ತು ಓವರ್‌ವೋಟ್ ಸಹಿತ, ರೈಟ್-ಇನ್ ಹೆಸರುಗಳ ಹಾಳೆ ಬೇರೆ, ಸಾಧ್ಯವಾದರೆ ಎಕ್ಸೆಲ್‌ನಲ್ಲಿ ಎಂದು ಒಂದೇ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬಂದರೆ ಅದರಿಂದ ಅಂಕಿ ಎತ್ತುವಾಗ 1 ಮತ್ತು 7, 3 ಮತ್ತು 8 ಅದಲುಬದಲಾಗುತ್ತವೆ. ಪ್ರತಿ ಸಾಲಿನ ಮೊತ್ತವನ್ನೂ ಪ್ರತಿ ಕಾಲಂನ ಮೊತ್ತವನ್ನೂ ಕೂಡಿ ನೋಡಿದ ಮೇಲೆಯೇ ಅದನ್ನು ಬಳಸಿ.