ಮೂರಡಿ ಕಟ್ಟೆಯಿಂದ ಫರಸಿಗೆ ಧುಮುಕುವ ಮುನ್ನ

ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದ ಕಲಬುರಗಿಯ ಹುಡುಗನೊಬ್ಬ ಈಗ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಾನೆ. ವಯಸ್ಸು 22. ಉದ್ದಜಿಗಿತದಲ್ಲಿ 3.80 ಮೀಟರ್ ದಾಟಬೇಕಿತ್ತು, ಅವನದು 3.60ರ ಆಸುಪಾಸಿನಲ್ಲೇ ನಿಂತುಬಿಟ್ಟಿತ್ತು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಡೆಪ್ತ್ ಜಂಪ್ ಹಿಡಿದ: ಮನೆ ಮುಂದಿನ ಮೂರಡಿ ಕಟ್ಟೆಯಿಂದ ಅಂಗಳದ ಶಹಾಬಾದ್ ಫರಸಿಗೆ ಧುಮುಕುವುದು, ನೆಲ ಮುಟ್ಟಿದೊಡನೆ ಮೇಲಕ್ಕೆ ಜಿಗಿಯುವುದು. ದಿನಕ್ಕೆ 200, ಒಂದು ದಿನವೂ ಬಿಡದೆ. ಎರಡನೇ ವಾರ ಮಂಡಿಚಿಪ್ಪಿನ ಕೆಳತುದಿಯಲ್ಲಿ ನೋವು ಕಾಣಿಸಿತು. ‘ಮೈ ಬಿಸಿ ಆದ್ರ ಹೋಗ್ತದ, ಏನೂ ಆಗಂಗಿಲ್ಲ, ಹೊಡಿ’ ಅಂದರು ಗೆಳೆಯರು. ನಿಜಕ್ಕೂ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಇನ್ನಷ್ಟು ಗಟ್ಟಿಯಾಗಿ ಮರಳುತ್ತಿತ್ತು. ಐದನೇ ವಾರಕ್ಕೆ ಓಟವೂ ನಿಂತಿತು.

ಡೆಪ್ತ್ ಜಂಪ್ ಕೆಟ್ಟ ವ್ಯಾಯಾಮವಲ್ಲ. ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಇದನ್ನು ಬೆಳೆಸಿದ್ದು ಜಿಗಿತದ ಪಟುಗಳಿಗಾಗಿ. ಅವರು ಹೇಳಿದ 75 ಸೆಂಟಿಮೀಟರ್, 110 ಸೆಂಟಿಮೀಟರ್ ಎತ್ತರಗಳು ವರ್ಷಗಟ್ಟಲೆ ಭಾರ ಎತ್ತಿ ಕಾಲು ಗಟ್ಟಿಮಾಡಿಕೊಂಡವರಿಗೆ. ನಮ್ಮ ಹುಡುಗನ ಮೂರಡಿ ಅಂದರೆ ಸುಮಾರು 90 ಸೆಂಟಿಮೀಟರ್. ಮೈಭಾರದಷ್ಟು ತೂಕ ಹೊತ್ತು ಒಂದು ಸ್ಕ್ವಾಟ್ ಕೂಡ ಅವನು ಮಾಡಿದವನಲ್ಲ. ಮೈತೂಕದ ಒಂದೂವರೆ ಪಟ್ಟು ಹೊತ್ತು ಕೂತು ಎದ್ದವನಿಗೆ ಮಾತ್ರ ಡೆಪ್ತ್ ಜಂಪ್ ಎಂಬುದು ಹಳೆಯ ಅಳತೆ. ಅದು ತುಸು ಬಿಗಿಯಾಯಿತು ಅನ್ನೋಣ. ಒಂಟಿಗಾಲಿನಲ್ಲಿ ಮಂಡಿ ಒಳಕ್ಕೆ ವಾಲದಂತೆ ಹತ್ತು ಸಲ ಕೂತು ಏಳಲಾಗದವನು ಕಟ್ಟೆ ಹತ್ತುವುದೇ ಬೇಡ.

ಎತ್ತರಕ್ಕಿಂತ ದೊಡ್ಡ ತಪ್ಪು ಬೇರೆಯದೇ ಇದೆ. ಈ ವ್ಯಾಯಾಮದ ಜೀವ ಇರುವುದು ನೆಲ ಮುಟ್ಟಿ ಬಿಡುವ ಕ್ಷಣದಲ್ಲಿ. ಬೀಳುವಾಗ ಸ್ನಾಯು, ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ರಬ್ಬರಿನಂತೆ ಎಳೆದುಕೊಂಡು ಶಕ್ತಿ ಕೂಡಿಡುತ್ತವೆ. ಸುಮಾರು ಕಾಲು ಸೆಕೆಂಡಿನೊಳಗೆ ಜಿಗಿದರೆ ಆ ಶಕ್ತಿ ಜಿಗಿತಕ್ಕೆ ಸಿಗುತ್ತದೆ, ತಡವಾದರೆ ಶಾಖವಾಗಿ ಕರಗುತ್ತದೆ. ಎತ್ತರ ಜಾಸ್ತಿಯಾದಾಗ ಮಂಡಿ ಆಳಕ್ಕೆ ಬಾಗುತ್ತದೆ, ಹಿಮ್ಮಡಿ ‘ಧಪ್’ ಎಂದು ಬಡಿಯುತ್ತದೆ, ಸಮಯ ಜಾರುತ್ತದೆ. ಆಗ ಉಳಿಯುವುದು ಬರೀ ಪೆಟ್ಟು, ಲಾಭವಿಲ್ಲ. ಇನ್ನೊಂದು: ಕಟ್ಟೆಯಿಂದ ಹಾರಬಾರದು, ಒಂದು ಕಾಲು ಮುಂದಿಟ್ಟು ಸುಮ್ಮನೆ ಇಳಿಯಬೇಕು. ಹಾರಿದರೆ ಅಷ್ಟೇ ಕಟ್ಟೆಗೆ ನೀವೇ ಇನ್ನೂ ಅರ್ಧ ಅಡಿ ಸೇರಿಸಿದಂತೆ.

ನಿಮ್ಮ ಎತ್ತರ ಎಷ್ಟೆಂದು ತಿಳಿಯಲು ಸುಣ್ಣದ ಬಳಪ, ಒಂದು ಗೋಡೆ ಸಾಕು. ಬೆರಳಿಗೆ ಬಳಪ ಹಚ್ಚಿಕೊಂಡು ನಿಂತಲ್ಲಿಂದ ಜಿಗಿದು ಗುರುತು ಹಾಕಿ. ಆಮೇಲೆ 20 ಸೆಂಟಿಮೀಟರಿನಿಂದ ಇಳಿದು ಜಿಗಿಯಿರಿ, ನಂತರ 30, ನಂತರ 40. ಗುರುತು ಮೇಲೇರುವವರೆಗೆ ಸರಿ, ಎಲ್ಲಿ ಕೆಳಗಿಳಿಯಿತೋ ಅದರ ಹಿಂದಿನ ಎತ್ತರ ನಿಮ್ಮದು. 20ರಲ್ಲೇ ಗುರುತು ಕೆಳಗಿಳಿದರೆ ಡೆಪ್ತ್ ಜಂಪಿಗೆ ಇನ್ನೂ ಕಾಲ ಬಂದಿಲ್ಲ. ಹಗ್ಗದಾಟ, ನೆಲದ ಮೇಲಿನ ಸಣ್ಣ ಜಿಗಿತ, ಕೆಳಗಿನಿಂದ ಪೆಟ್ಟಿಗೆಯ ಮೇಲಕ್ಕೆ ಹಾರಿ ನಡೆದು ಇಳಿಯುವುದು, ಇಷ್ಟೇ ಮಾಡಿ. ನಾಚಿಕೆ ಬೇಡ.

ಇನ್ನು ನೆಲ. ಶಹಾಬಾದ್ ಫರಸಿ ಸುಣ್ಣದಕಲ್ಲು. ಕಾಂಕ್ರೀಟಿನ ಮೇಲೆ ಹಾಸಿದರೆ ಒಂದಿಷ್ಟೂ ತಗ್ಗುವುದಿಲ್ಲ. ಸವೆದು ನುಣುಪಾದ ಕಲ್ಲಿನ ಮೇಲೆ ಧೂಳು ಕೂತರೆ ಬೂಟು ಜಾರುತ್ತದೆ. ಕೆಲವರು ಫರಸಿಗಳನ್ನೇ ಒಂದರ ಮೇಲೊಂದು ಪೇರಿಸಿ ಪೆಟ್ಟಿಗೆ ಮಾಡಿಕೊಳ್ಳುತ್ತಾರೆ, ಇದು ಇನ್ನೂ ಅಪಾಯ. ಕಾಲು ಒದ್ದಾಗ ಮೇಲಿನ ಕಲ್ಲು ಸರಿಯುತ್ತದೆ, ಚೂಪು ಅಂಚು ಮೊಣಕಾಲ ಕೆಳಗಿನ ಎಲುಬನ್ನು ಕೆರೆಯುತ್ತದೆ. ಬಿರುಕು ಬಿಟ್ಟ ಬೇಸಿಗೆಯ ಎರೆಹೊಲವೂ ಬೇಡ, ಬಿರುಕಿನಲ್ಲಿ ಪಾದ ಸಿಕ್ಕರೆ ಹಿಮ್ಮಡಿ ಗಂಟು ಹೊರಳುತ್ತದೆ. ಹುಲ್ಲಿನ ಮೈದಾನ ಅಥವಾ ಗಟ್ಟಿ ರಬ್ಬರ್ ಹಾಸು ಒಳ್ಳೆಯದು. ಹತ್ತಿಯ ಗಾದಿ ಹಾಕಿಕೊಂಡರೆ ಪಾದ ಹೂತು ಸಮಯ ಹಿಗ್ಗುತ್ತದೆ, ಅದರಿಂದಲೂ ಉಪಯೋಗವಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಂತೂ ಬೆಳಿಗ್ಗೆ ಏಳರೊಳಗೆ ಮುಗಿಸಿಬಿಡಿ.

ಲೆಕ್ಕದ ವಿಷಯಕ್ಕೆ ಬಂದರೆ, ಪಾದ ನೆಲ ಮುಟ್ಟಿದ್ದನ್ನು ಎಣಿಸಬೇಕು. ಹೊಸಬನಿಗೆ ಅಭ್ಯಾಸದ ಒಂದು ದಿನಕ್ಕೆ 80ರಿಂದ 100, ಪಳಗಿದವನಿಗೆ 120ರಿಂದ 140, ಅದೂ ಎಲ್ಲ ಬಗೆಯ ಜಿಗಿತ ಸೇರಿ. ಅದರಲ್ಲಿ ಡೆಪ್ತ್ ಜಂಪಿನ ಪಾಲು 20ರಿಂದ 30 ಸಾಕು: ಐದೈದರಂತೆ, ಒಂದೊಂದು ಜಿಗಿತದ ನಡುವೆ 5ರಿಂದ 10 ಸೆಕೆಂಡು, ಸರದಿಗಳ ನಡುವೆ ಎರಡು ಮೂರು ನಿಮಿಷ. ಮತ್ತೆ ಮಾಡುವ ಮೊದಲು 48ರಿಂದ 72 ಗಂಟೆ ಬಿಡುವು ಇರಲಿ. ಏದುಸಿರು ಬರುತ್ತಿದೆ ಅಂದರೆ ನೀವು ಸ್ಫೋಟಕ ಶಕ್ತಿಯನ್ನಲ್ಲ, ದಮ್ಮನ್ನು ಬೆಳೆಸುತ್ತಿದ್ದೀರಿ. ಚಪ್ಪಾಳೆ ಪುಷ್‌ಅಪ್‌ಗೂ ಇದೇ ನಿಯಮ, ಅಲ್ಲಿ ಮೊದಲು ದೂರು ಹೇಳುವುದು ಮಣಿಕಟ್ಟು.

ನೋವಿನ ಭಾಷೆ ಗೊತ್ತಿರಲಿ. ಸ್ನಾಯು ತಿಂಗಳೊಳಗೆ ಗಟ್ಟಿಯಾದರೂ ಸ್ನಾಯುರಜ್ಜು ನಿಧಾನ, ಅದಕ್ಕೇ ಹುಮ್ಮಸ್ಸು ಮುಂದೆ, ಮಂಡಿ ಹಿಂದೆ. ಚಿಪ್ಪಿನ ಕೆಳಗೆ ಬೆರಳಿಟ್ಟು ತೋರಿಸಬಹುದಾದ ನೋವು, ಬಿಸಿಯಾದಾಗ ಮಾಯವಾಗಿ ಮರುದಿನ ಮರಳುವುದು, ರಜ್ಜು ಸೋತ ಗುರುತು. ಆಗ ಜಿಗಿತ ನಿಲ್ಲಿಸಿ; ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಭಂಗಿಯಲ್ಲಿ 30ರಿಂದ 45 ಸೆಕೆಂಡು, ಐದು ಸಲ, ಆಮೇಲೆ ನಿಧಾನದ ಸ್ಕ್ವಾಟ್. ವಾರಗಳಲ್ಲ, ತಿಂಗಳುಗಳು ಬೇಕು. ಮೊಣಕಾಲ ಕೆಳಗಿನ ಎಲುಬಿನಲ್ಲಿ ಒಂದೇ ಬಿಂದುವಿನಲ್ಲಿ ನೋವು, ರಾತ್ರಿ ಮಲಗಿದಾಗಲೂ ಇದ್ದರೆ ಎಲುಬಿನಲ್ಲಿ ಸೀಳು ಇರಬಹುದು. ಮೊದಲ ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಮತ್ತೆ ಜಿಗಿಯಬೇಡಿ. ಹಿಮ್ಮಡಿಯ ಮೇಲ್ಭಾಗದಲ್ಲಿ ಯಾರೋ ಹಿಂದಿನಿಂದ ಒದ್ದಂತೆ ‘ಟಪ್’ ಎಂದು, ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತ ಕೂರದೆ ಅಂದೇ ಎಲುಬು ಕೀಲು ವೈದ್ಯರ ಬಳಿ ಹೋಗಿ.