ಬೇಡದ ಡ್ರೈವರ್ ಹುಡುಕಲು ಲೈಸೆನ್ಸ್ ಪಟ್ಟಿ: ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್ ಹೇಗಿದೆ?

ಹಳೇ ಡಿಸ್ಕನ್ನೇ ಹೊಸ ಕಂಪ್ಯೂಟರಿಗೆ ಸಿಕ್ಕಿಸಿ ಕೆಲಸ ಮುಂದುವರಿಸುವ ಜಾತಿ ನನ್ನದು. ಲಿನಕ್ಸ್ ಇದಕ್ಕೆಲ್ಲ ತಕರಾರು ಮಾಡುವುದಿಲ್ಲ, ಸುಮ್ನೆ ಬೂಟ್ ಆಗುತ್ತದೆ. ಆದರೆ ಹಳೇ ಯಂತ್ರದ ಡ್ರೈವರ್‌ಗಳೆಲ್ಲ ಡಿಸ್ಕ್ ಜೊತೆಗೇ ಬಂದು ಕೂತಿರುತ್ತವೆ. ನಾನು ಬಳಸುವ ಲಿನಕ್ಸ್ ಬಗೆಯ ಹೆಸರು ಡೆಬಿಯನ್. ಅದರಲ್ಲಿ ಅವನ್ನು ಹುಡುಕಿ ಕೊಟ್ಟಿದ್ದು ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್ ಎಂಬ ಪುಟ್ಟ ಟೂಲ್. ಹಳಬರು ಇದನ್ನು ವಿಆರ್‌ಎಂಎಸ್ ಎಂದೇ ಕರೆಯುತ್ತಾರೆ.

ಇದು ಡ್ರೈವರ್ ಟೂಲ್ ಅಲ್ಲವೇ ಅಲ್ಲ. ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್‌ಗಳಲ್ಲಿ ಯಾವುದು ಡೆಬಿಯನ್‌ನ ಡಿಎಫ್‌ಎಸ್‌ಜಿ ನಿಯಮಗಳ ಪ್ರಕಾರ ಸ್ವತಂತ್ರ (ಯಾರು ಬೇಕಾದರೂ ಬದಲಿಸಿ ಹಂಚಬಹುದಾದ) ತಂತ್ರಾಂಶ ಅಲ್ಲವೋ ಅದರ ಪಟ್ಟಿ ಕೊಡುತ್ತದೆ. ಅಷ್ಟೇ. ಆದರೆ ನೋಡಿ, ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಮುಚ್ಚಿದ ಲೈಸೆನ್ಸ್ ಇರುವುದು ಬಹುಪಾಲು ಯಾವುದಕ್ಕೆ? ಡ್ರೈವರ್‌ಗೆ, ಹಾರ್ಡ್‌ವೇರ್ ಒಳಗೇ ಓಡುವ ಫರ್ಮ್‌ವೇರ್‌ಗೆ. ಹಾಗಾಗಿ ಲೈಸೆನ್ಸ್ ಪಟ್ಟಿ ಕೇಳಿದರೆ ಹಾರ್ಡ್‌ವೇರ್‌ನ ಹಳೇ ಲೆಕ್ಕವೂ ಜೊತೆಗೇ ಸಿಗುತ್ತದೆ.

ನನ್ನ ಪಟ್ಟಿಯಲ್ಲಿ ಬಂದಿದ್ದು ಇವು: ಈಗಿಲ್ಲದ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಮತ್ತು ಅದರ ಬಾಲಂಗೋಚಿ ಪ್ಯಾಕೇಜ್‌ಗಳು, ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗೆ ಓಡುವ ಕೋಡ್), ಎಎಂಡಿ ಮೈಕ್ರೋಕೋಡ್, ಎಎಂಡಿ ಗ್ರಾಫಿಕ್ಸ್ ಫರ್ಮ್‌ವೇರ್, ಅನ್‌ರಾರ್ (ರಾರ್ ಫೈಲ್ ಬಿಚ್ಚುವ ಟೂಲ್), ಮತ್ತೆ ಮೇಕ್-ಡಾಕ್. ಕೊನೆಯದು ನೋಡಿ ನಗು ಬಂತು. ಸ್ವತಂತ್ರ ತಂತ್ರಾಂಶದ ತವರಾದ ಗ್ನೂ ಯೋಜನೆಯ ಮೇಕ್ ಎಂಬ ಟೂಲ್‌ನ ಸ್ವಂತ ಕೈಪಿಡಿ ಅದು! ಅದರಲ್ಲಿ ಬದಲಿಸಬಾರದ ಭಾಗಗಳಿವೆ ಎಂಬ ಕಾರಣಕ್ಕೆ ಡೆಬಿಯನ್ ಅದನ್ನು ನಾನ್-ಫ್ರೀ ಸಾಲಿನಲ್ಲಿ ಇಟ್ಟಿದೆ. ಇಷ್ಟು ಕಟ್ಟುನಿಟ್ಟು ಬೇಕಾ ಅನ್ನಿಸಬಹುದು. ನನಗಂತೂ ಇಷ್ಟ ಆಯಿತು.

ಪಟ್ಟಿ ಸಿಕ್ಕಿತು ಅಂತ ಎಲ್ಲ ಕಿತ್ತು ಹಾಕಬೇಡಿ. ಮೈಕ್ರೋಕೋಡನ್ನೇ ತಗೊಳ್ಳಿ. ಪ್ರೊಸೆಸರ್‌ನ ಭದ್ರತಾ ದೋಷಗಳಿಗೆ, 2018ರಲ್ಲಿ ಬಯಲಾದ ಸ್ಪೆಕ್ಟರ್‌ನಂಥವಕ್ಕೆ, ಪರಿಹಾರದ ಒಂದು ಪಾಲು ಬರುವುದು ಇದರಲ್ಲೇ. ನನ್ನದು ಈಗ ಎಎಂಡಿ ಯಂತ್ರ, ಹಾಗಾಗಿ ಎಎಂಡಿಯದು ಉಳಿಯಿತು, ಇಂಟೆಲ್‌ದು ಹೋಯಿತು. ಈ ವ್ಯತ್ಯಾಸವನ್ನು ಟೂಲ್ ಹೇಳುವುದಿಲ್ಲ. ಅದಕ್ಕೆ ಎರಡೂ ಒಂದೇ. ಯಾವ ಹಾರ್ಡ್‌ವೇರ್‌ಗೆ ಯಾವ ಡ್ರೈವರ್ ಓಡುತ್ತಿದೆ ಎಂದು ನೋಡಲು ಎಲ್‌ಎಸ್‌ಪಿಸಿಐ ಎಂಬ ಕಮಾಂಡಿಗೆ ‘ಕೆ’ ಆಯ್ಕೆ ಕೊಟ್ಟು ಓಡಿಸಿ. ಯಾವ ಫರ್ಮ್‌ವೇರ್ ಲೋಡ್ ಆಗಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಲಾಗ್‌ನಲ್ಲಿ ಹುಡುಕಿ. ಅಲ್ಲೆಲ್ಲೂ ಸುಳಿವಿಲ್ಲದ್ದು ಹೋಗಬಹುದು.

ನಿಜವಾದ ತಲೆನೋವು ಹಳೇ ಗ್ರಾಫಿಕ್ಸ್ ಡ್ರೈವರ್. ಅದು ಡಿಕೆಎಂಎಸ್ ಮೂಲಕ ಬಂದಿತ್ತು. ಅಂದರೆ ಪ್ರತಿ ಸಲ ಹೊಸ ಕರ್ನೆಲ್ ಬಂದಾಗಲೂ ಇಲ್ಲದ ಕಾರ್ಡಿಗೆ ಹೊಸದಾಗಿ ಮಾಡ್ಯೂಲ್ (ಕರ್ನೆಲ್‌ಗೆ ಸೇರುವ ಡ್ರೈವರ್ ತುಣುಕು) ಕಂಪೈಲ್ ಆಗುತ್ತಿತ್ತು. ಕೊನೆಗೊಮ್ಮೆ ಹೊಸ ಕರ್ನೆಲ್‌ಗೆ ಕಂಪೈಲೇ ಆಗದೆ, ಅಪ್‌ಡೇಟ್ ಅರ್ಧಕ್ಕೆ ನಿಂತುಬಿಟ್ಟಿತು. ಹೀಗಾಗಿದ್ದರೆ ‘ಡಿಕೆಎಂಎಸ್ ಸ್ಟೇಟಸ್’ ಹೊಡೆದು ನೋಡಿ, ಯಾರು ಅಡ್ಡ ಕೂತಿದ್ದಾರೆ ಅಂತ ಹೆಸರು ಸಮೇತ ಗೊತ್ತಾಗುತ್ತದೆ.

ತೆಗೆಯುವಾಗ ಡೆಬಿಯನ್‌ನ ಪ್ಯಾಕೇಜ್ ಟೂಲ್ ಆದ ಎಪಿಟಿಯಲ್ಲಿ ‘ರಿಮೂವ್’ ಸಾಲದು, ‘ಪರ್ಜ್’ ಮಾಡಿ. ಇಲ್ಲದಿದ್ದರೆ ಸೆಟ್ಟಿಂಗ್ ಫೈಲ್‌ಗಳು ಉಳಿಯುತ್ತವೆ. ಹಳೇ ಡ್ರೈವರ್ ಬೇರೆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದ (ಲೋಡ್ ಆಗದಂತೆ ತಡೆದ) ಸಾಲು ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಹಾಗೇ ಇದ್ದರೆ ಮುಂದೆ ಕಾಟ ಕೊಡುತ್ತದೆ. ಆಮೇಲೆ, ಯಾವುದಕ್ಕೂ ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಆಟೋರಿಮೂವ್. ಅದಕ್ಕೂ ಮುಂಚೆ ಸಿಮ್ಯುಲೇಟ್ ಆಯ್ಕೆ ಕೊಟ್ಟು, ಏನೇನು ಹೋಗುತ್ತದೆ ಎಂದು ಒಮ್ಮೆ ಓದಿ. ಡೆಸ್ಕ್‌ಟಾಪ್ ಪ್ಯಾಕೇಜ್ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ.

ಕೆಲಸ ಸರಿಯಾಗಿ ಮುಗಿದಿದೆಯಾ ಎಂದು ನೋಡಲು ನನಗೆ ಇಷ್ಟವಾದ ಜಾಗ ಒಂದಿದೆ. ಪ್ರಾಕ್ ಫೋಲ್ಡರಿನೊಳಗೆ, ಸಿಸ್, ಕರ್ನೆಲ್, ಅಲ್ಲಿ ಟೇಂಟೆಡ್ ಎಂಬ ಫೈಲ್. ಒಳಗೆ ಒಂದೇ ಒಂದು ಸಂಖ್ಯೆ. ನನ್ನದರಲ್ಲಿ 12289 ಇತ್ತು. ಬಿಡಿಸಿದರೆ 1, 4096, 8192. ಮುಚ್ಚಿದ ಲೈಸೆನ್ಸಿನ ಮಾಡ್ಯೂಲ್ ಲೋಡ್ ಆಗಿದೆ, ಅದು ಕರ್ನೆಲ್ ಮೂಲದ ಹೊರಗಿನದು, ಸಹಿಯೂ ಇಲ್ಲ ಎಂದು ಅರ್ಥ. ಕಾರ್ಡ್ ಇಲ್ಲದಿದ್ದರೂ ಮಾಡ್ಯೂಲ್ ಒಳಗೆ ಬರಲು ನೋಡಿದ್ದರೆ ಸಾಕು, ಈ ಗುರುತು ಬೀಳುತ್ತದೆ. ಮಾಡ್ಯೂಲ್ ತೆಗೆದರೂ ರೀಬೂಟ್ ಮಾಡುವವರೆಗೆ ಹೋಗುವುದಿಲ್ಲ. ರೀಬೂಟ್ ಆದ ಮೇಲೆ ಅಲ್ಲಿ 0 ನೋಡಿ ಆದ ಖುಷಿಯೇ ಬೇರೆ.

ಇನ್ನು ಕರ್ನೆಲ್ ಜೊತೆ ಬರುವ ಸಾವಿರಾರು ಡ್ರೈವರ್‌ಗಳ ತಂಟೆಗೆ ಹೋಗಬೇಡಿ. ಅವು ಫೈಲ್‌ಗಳಾಗಿ ಬಿದ್ದಿರುತ್ತವೆ, ಹಾರ್ಡ್‌ವೇರ್ ಕಂಡರೆ ಮಾತ್ರ ಲೋಡ್ ಆಗುತ್ತವೆ. ಅಳಿಸಿದರೆ ವೇಗ ಹೆಚ್ಚುವುದಿಲ್ಲ, ಮುಂದಿನ ಕರ್ನೆಲ್ ಮತ್ತೆ ತಂದು ಹಾಕುತ್ತದೆ.

ಟೂಲ್‌ನ ದೊಡ್ಡ ಕೊರತೆ ಇದು: ಅದು ಲೈಸೆನ್ಸನ್ನು ಓದುವುದೇ ಇಲ್ಲ. ಪ್ಯಾಕೇಜ್ ಯಾವ ವಿಭಾಗದ್ದು ಎಂಬ ಚೀಟಿ ನೋಡಿ ಹೇಳುತ್ತದೆ. ಹೊರಗಿನಿಂದ ತಂದ ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜ್) ತನ್ನ ವಿಭಾಗ ‘ವೆಬ್’ ಎಂದು ಬರೆದುಕೊಂಡಿದ್ದರೆ ಇದು ನಂಬಿಬಿಡುತ್ತದೆ. ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಪಿಪ್‌ನಂಥ ಬೇರೆ ಇನ್‌ಸ್ಟಾಲ್ ದಾರಿಗಳಿಂದ ಬಂದದ್ದು ಇದರ ಕಣ್ಣಿಗೇ ಬೀಳುವುದಿಲ್ಲ. ಕಚೇರಿಯ ಲೈಸೆನ್ಸ್ ತಪಾಸಣೆಗೆ ಇದನ್ನು ನೆಚ್ಚಿಕೊಂಡರೆ ಕಷ್ಟ. ಅಲ್ಲಿಗೆ ಸ್ಕ್ಯಾನ್‌ಕೋಡ್‌ನಂಥ, ಫೈಲ್ ತೆರೆದು ಓದುವ ಟೂಲ್ ಬೇಕು. ಒಂದೆರಡು ಪ್ಯಾಕೇಜ್ ಬಗ್ಗೆ ಅನುಮಾನ ಇದ್ದರೆ ಡಾಕ್ ಫೋಲ್ಡರಿನಲ್ಲಿರುವ ಕಾಪಿರೈಟ್ ಫೈಲ್ ತೆರೆದರೆ ಸಾಕು. ಡ್ರೈವರ್ ಆಗಿದ್ದರೆ ಇನ್ನೂ ಸುಲಭ, ಮಾಡ್‌ಇನ್ಫೋ ಎಂಬ ಕಮಾಂಡನ್ನು ಕೇಳಿ. ಎನ್‌ವಿಡಿಯಾ 2022ರಲ್ಲಿ ಹೊರತಂದ ತೆರೆದ ಮಾಡ್ಯೂಲ್ ‘ಡ್ಯುಯಲ್ ಎಂಐಟಿ/ಜಿಪಿಎಲ್’ ಎನ್ನುತ್ತದೆ, ಮುಚ್ಚಿದ್ದು ಬರೀ ‘ಎನ್‌ವಿಡಿಯಾ’ ಎನ್ನುತ್ತದೆ.

ಡೆಬಿಯನ್ 12ಕ್ಕೆ ಅಪ್‌ಗ್ರೇಡ್ ಆದವರು ಇನ್ನೊಂದು ಗಮನಿಸಿ. 2023ರ ಆ ಆವೃತ್ತಿಯಿಂದ ಫರ್ಮ್‌ವೇರ್‌ಗೆ ನಾನ್-ಫ್ರೀ-ಫರ್ಮ್‌ವೇರ್ ಎಂಬ ಬೇರೆ ವಿಭಾಗ. ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಫೈಲ್‌ನಲ್ಲಿ ಅದನ್ನು ಸೇರಿಸದಿದ್ದರೆ ಉಳಿಸಿಕೊಂಡ ಮೈಕ್ರೋಕೋಡ್‌ಗೆ ಅಪ್‌ಡೇಟ್ ಬರುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ವಿಆರ್‌ಎಂಎಸ್-ಆರ್‌ಪಿಎಂ ಎಂಬ ಬೇರೆ ಟೂಲ್ ಇದೆ. ಅದು ಪ್ಯಾಕೇಜಿನ ಲೈಸೆನ್ಸ್ ಸಾಲನ್ನೇ ನೋಡುತ್ತದೆ. ಇದಕ್ಕೂ ಆ ಬುದ್ಧಿ ಬಂದ ದಿನ ಉಳಿದ ಒಂದನ್ನೂ ಕೊಟ್ಟುಬಿಡುತ್ತೇನೆ.